ಪರದೇಶದಲ್ಲಿರುವಾಗ ಚಿತಾಭಸ್ಮಕ್ಕೆ ಪಾತ್ರೆ ಆರಿಸುವ ಬಗೆ

ಮನೆಯವರೊಬ್ಬರು ಪರದೇಶದಲ್ಲಿ ತೀರಿಕೊಂಡರೆ, ಅಂತ್ಯಕ್ರಿಯೆ ನಡೆಸಿಕೊಡುವ ಸಂಸ್ಥೆಯವರು ಮೊದಲ ಭೇಟಿಯಲ್ಲೇ ಕಲಶಗಳ ಚಿತ್ರವಿರುವ ಪುಸ್ತಕವೊಂದನ್ನು ಮುಂದಿಡುವುದುಂಟು. ಆ ಹೊತ್ತಿನಲ್ಲಿ ಅಳತೆ ಕೇಳುವ ಮನಸ್ಸು ಯಾರಿಗಿರುತ್ತದೆ? ಕಣ್ಣಿಗೆ ಚೆಂದ ಕಂಡದ್ದರ ಮೇಲೆ ಬೆರಳಿಟ್ಟು ಎದ್ದು ಬರುತ್ತಾರೆ. ತೊಡಕು ಗೊತ್ತಾಗುವುದು ಎರಡು ಮೂರು ವಾರ ಕಳೆದ ಮೇಲೆ. ವಿಮಾನ ನಿಲ್ದಾಣದ ಎಕ್ಸ್‌ರೇ ಯಂತ್ರದಲ್ಲಿ ಹಿತ್ತಾಳೆಯ ಕಲಶ ಕಪ್ಪು ಗುಂಡಿನಂತೆ ಕಾಣುತ್ತದೆ, ಒಳಗೆ ಹೋಗಲು ಬಿಡುವುದಿಲ್ಲ. ಇಲ್ಲವೇ ಬೂದಿಯಲ್ಲಿ ಕಾಲು ಭಾಗ ಒಳಗೆ ಹಿಡಿಸದೆ ಉಳಿಯುತ್ತದೆ. ಇಲ್ಲವೇ ಸ್ಮಶಾನದಲ್ಲಿ ಕಲಶ ಇಡಲೆಂದು ಗೋಡೆಯಲ್ಲಿ ಮಾಡಿದ ಗೂಡಿನ ಬಾಗಿಲಿಗಿಂತ ಕಲಶವೇ ಒಂದು ಬೆರಳು ದಪ್ಪವಾಗಿರುತ್ತದೆ.

ಹಾಗಾಗಿ ಮೊದಲು ಹೇಳಬೇಕಾದದ್ದು ಇದು: ಪಾತ್ರೆಯ ವಿಷಯದಲ್ಲಿ ಅವಸರವೇ ಬೇಡ. ನೀವು ಏನನ್ನೂ ಕೊಳ್ಳದಿದ್ದರೂ ಬೂದಿ ನಿಮ್ಮ ಕೈಗೆ ಒಂದು ತಾತ್ಕಾಲಿಕ ಡಬ್ಬಿಯಲ್ಲಿ ಬರುತ್ತದೆ. ಅಮೆರಿಕ, ಕೆನಡಾಗಳಲ್ಲಿ ಅದು ಸಾಮಾನ್ಯವಾಗಿ ಗಟ್ಟಿ ಪ್ಲಾಸ್ಟಿಕ್ಕಿನದು ಅಥವಾ ದಪ್ಪ ರಟ್ಟಿನದು. ಅಳತೆ ಹೆಚ್ಚುಕಡಿಮೆ 21.5 ಸೆಂ.ಮೀ. ಉದ್ದ, 16.5 ಸೆಂ.ಮೀ. ಅಗಲ, 11.5 ಸೆಂ.ಮೀ. ದಪ್ಪ. ಒಳಗೆ ಬಾಯಿ ಬಿಗಿದ ದಪ್ಪ ಪ್ಲಾಸ್ಟಿಕ್ ಚೀಲ, ಅದರಲ್ಲಿ ಬೂದಿ, ಜೊತೆಗೊಂದು ಗುರುತಿನ ಬಿಲ್ಲೆ. ನೋಡಲು ಸಾದಾ, ನಿಜ. ಆದರೆ ಆ ಡಬ್ಬಿ ತಿಂಗಳುಗಟ್ಟಲೆ ಸುರಕ್ಷಿತವಾಗಿರುತ್ತದೆ, ಎಕ್ಸ್‌ರೇ ಅದರ ಮೂಲಕ ಹಾಯುತ್ತದೆ, ಬಿದ್ದರೂ ಸುಲಭಕ್ಕೆ ಒಡೆಯುವುದಿಲ್ಲ. ಸಾದಾ ಡಬ್ಬಿಯಲ್ಲಿ ಒಂದಷ್ಟು ದಿನ ಇಡುವುದು ಹೋದವರಿಗೆ ತೋರಿಸುವ ಅಗೌರವವಲ್ಲ. ಪ್ರಯಾಣ ಮುಗಿಯುವವರೆಗೂ ಅದರಲ್ಲೇ ಇಟ್ಟುಕೊಂಡು, ಸೇರಬೇಕಾದ ಜಾಗ ಸೇರಿದ ಮೇಲೆ ಒಳ್ಳೆಯ ಪಾತ್ರೆಗೆ ಹಾಕುವುದು ಅನೇಕರಿಗೆ ಎಲ್ಲಕ್ಕಿಂತ ಸರಿಯಾದ ದಾರಿ.

ಮೊದಲು ಕೊನೆಯ ಜಾಗ, ಆಮೇಲೆ ಪಾತ್ರೆ

ಬೂದಿ ಕೊನೆಗೆ ಎಲ್ಲಿ ಸೇರಬೇಕು ಎಂಬುದನ್ನು ಮನೆಯವರೆಲ್ಲ ಕೂತು ಮೊದಲು ತೀರ್ಮಾನಿಸಿಕೊಳ್ಳಿ. ಪಾತ್ರೆಯ ವಸ್ತು, ಅಳತೆ, ಮುಚ್ಚಳ ಎಲ್ಲವೂ ಆ ಒಂದು ತೀರ್ಮಾನದಿಂದ ಹುಟ್ಟುತ್ತವೆ.

ನೀರಿಗೆ ಬಿಡುವುದಾದರೆ ಬೇಕಾದದ್ದು ಸುಲಭವಾಗಿ ತೆರೆಯುವ, ಹಗುರವಾದ ಡಬ್ಬಿ. ಪಾತ್ರೆಯ ಸಮೇತ ಬಿಡುವುದಾದರೆ ನೀರಿನಲ್ಲಿ ಕರಗುವಂಥದ್ದು. ಮಣ್ಣಿನಲ್ಲಿ ಹೂಳುವುದಾದರೆ ಆ ಸ್ಮಶಾನದ ನಿಯಮ ಕೇಳಬೇಕು: ಕೆಲವು ಕಡೆ ಕೊಳೆಯುವ ಪಾತ್ರೆಯೇ ಆಗಬೇಕು ಎನ್ನುತ್ತಾರೆ, ಇನ್ನು ಕೆಲವು ಕಡೆ ಕಲಶದ ಸುತ್ತ ಕಾಂಕ್ರೀಟಿನ ಹೊರಪೆಟ್ಟಿಗೆ ಇಡಲೇಬೇಕು ಎನ್ನುತ್ತಾರೆ. ಗೋಡೆಯ ಗೂಡಿನಲ್ಲಿ ಇಡುವುದಾದರೆ ಗೂಡಿನ ಒಳ ಅಳತೆಯ ಜೊತೆಗೆ ಬಾಗಿಲಿನ ಅಳತೆಯನ್ನೂ ಬರೆಸಿಕೊಳ್ಳಿ. ಗೂಡು 30 ಸೆಂ.ಮೀ. ಅಗಲವಿದ್ದರೂ ಚೌಕಟ್ಟು ಎರಡು ಬದಿಯಲ್ಲಿ ಒಂದೊಂದು ಬೆರಳು ತಿನ್ನುವುದರಿಂದ ಬಾಗಿಲು ಅದಕ್ಕಿಂತ ಕಿರಿದಾಗಿರುತ್ತದೆ. ಮನೆಯಲ್ಲೇ ಇಟ್ಟುಕೊಳ್ಳುವುದಾದರೆ ಮಾತ್ರ ಅಂದಕ್ಕೆ ಮೊದಲ ಸ್ಥಾನ ಕೊಡಬಹುದು, ಅದೂ ಆ ದೇಶದ ಕಾನೂನು ಒಪ್ಪಿದರೆ.

ತೀರ್ಮಾನ ಇನ್ನೂ ಆಗಿಲ್ಲ ಎಂದಿದ್ದರೆ ಏನನ್ನೂ ಕೊಳ್ಳಬೇಡಿ. ತಾತ್ಕಾಲಿಕ ಡಬ್ಬಿಯೇ ಸಾಕು.

ಬೇರೆ ಕಡೆ ಕೊಂಡ ಕಲಶ ತಂದರೆ ಸಂಸ್ಥೆಯವರು ಒಪ್ಪುತ್ತಾರೋ ಇಲ್ಲವೋ ಎಂಬ ಅಳುಕು ಹಲವರಿಗಿರುತ್ತದೆ. ಅಮೆರಿಕದಲ್ಲಿ 1984ರಿಂದ ಜಾರಿಯಲ್ಲಿರುವ ಫ್ಯೂನರಲ್ ರೂಲ್ ಎಂಬ ಸರ್ಕಾರಿ ನಿಯಮದ ಪ್ರಕಾರ ಅವರು ಹೊರಗಿನ ಕಲಶವನ್ನು ನಿರಾಕರಿಸುವಂತಿಲ್ಲ, ಅದಕ್ಕೆಂದು ಬೇರೆ ಶುಲ್ಕವನ್ನೂ ಹಾಕುವಂತಿಲ್ಲ. ಬೇರೆ ದೇಶಗಳಲ್ಲಿ ಬಾಯಿಬಿಟ್ಟು ಕೇಳುವುದೇ ಉತ್ತಮ.

ಕೈಗೆ ಬರುವ ಬೂದಿ ಎಂಥದ್ದು

ಚಿತಾಗಾರದ ಕುಲುಮೆ ಸುಮಾರು 800ರಿಂದ 1000 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಎರಡು ತಾಸಿನ ಆಸುಪಾಸು ಉರಿಯುತ್ತದೆ. ಉಳಿಯುವುದು ಮೂಳೆಯ ತುಂಡುಗಳು, ಮುಖ್ಯವಾಗಿ ಕ್ಯಾಲ್ಸಿಯಂ ಫಾಸ್ಫೇಟ್. ಆರಿದ ಮೇಲೆ ಅಯಸ್ಕಾಂತ ಆಡಿಸಿ ಮೊಳೆ, ಸ್ಕ್ರೂಗಳನ್ನು ತೆಗೆದು, ಕೀಲುಗಳಿಗೆ ಹಾಕಿದ್ದ ಲೋಹವನ್ನು ಕೈಯಿಂದ ಆರಿಸಿ, ತುಂಡುಗಳನ್ನು ಯಂತ್ರದಲ್ಲಿ ಅರೆಯುತ್ತಾರೆ. ಸಿಗುವುದು ಬೂದುಬಿಳಿ ಬಣ್ಣದ, ಒರಟು ಮರಳಿನಂಥ ಪುಡಿ. ನಡುನಡುವೆ ಸಣ್ಣ ಹರಳುಗಳು. ವಯಸ್ಕರೊಬ್ಬರದ್ದು ಸಾಮಾನ್ಯವಾಗಿ 2ರಿಂದ 3.5 ಕಿಲೋ ತೂಗುತ್ತದೆ. ಒಲೆಯ ಬೂದಿಯಂತೆ ಹಗುರವಾಗಿರುತ್ತದೆ ಎಂದುಕೊಂಡವರು ಡಬ್ಬಿ ಎತ್ತಿದಾಗ ಅದರ ಭಾರಕ್ಕೆ ಬೆಚ್ಚುತ್ತಾರೆ. ತಿಳಿದಿದ್ದರೆ ಒಳ್ಳೆಯದು.

ಎರಡು ಗುಣಗಳು ಪಾತ್ರೆಯ ಆಯ್ಕೆಗೆ ಮುಖ್ಯ. ಒಂದು, ಈ ಪುಡಿಗೆ ಚೂಪಾದ ಅಂಚುಗಳಿರುತ್ತವೆ. ತೆಳು ಪ್ಲಾಸ್ಟಿಕ್ ಚೀಲವನ್ನು ಉಜ್ಜಿ ಉಜ್ಜಿ ತೂತು ಮಾಡುತ್ತದೆ. ಎರಡು, ಅದು ಬಹಳ ಕ್ಷಾರೀಯ, ಉಪ್ಪಿನಂಶವೂ ಹೆಚ್ಚು. ತೇವ ತಾಗಿದರೆ ಅಲ್ಯೂಮಿನಿಯಂ ಪಾತ್ರೆಯ ಒಳಮೈ ಸವೆಯುತ್ತದೆ, ಹಿತ್ತಾಳೆ ಹಸಿರುಗಟ್ಟುತ್ತದೆ. ಆದ್ದರಿಂದ ಯಾವ ಪಾತ್ರೆಯಾದರೂ ಬೂದಿ ಒಳಗೊಂದು ದಪ್ಪ ಚೀಲದಲ್ಲೇ ಇರಲಿ. 100 ಮೈಕ್ರಾನ್ ದಪ್ಪದ ಪಾಲಿಥಿನ್ ಚೀಲ ಸಾಕಾಗುತ್ತದೆ.

ಜಪಾನಿನಲ್ಲಿರುವವರು ಒಂದು ವಿಷಯ ಪ್ರತ್ಯೇಕವಾಗಿ ತಿಳಿದಿರಬೇಕು. ಅಲ್ಲಿ ಮೂಳೆಯನ್ನು ಅರೆಯುವುದಿಲ್ಲ. ಮನೆಯವರು ಕಡ್ಡಿಗಳಿಂದ ಮೂಳೆಗಳನ್ನು ಎತ್ತಿ ಪಿಂಗಾಣಿ ಜಾಡಿಗೆ ತುಂಬುತ್ತಾರೆ. ಟೋಕಿಯೊ ಕಡೆಯ ಪೂರ್ವ ಭಾಗದಲ್ಲಿ ಪೂರ್ತಿ ಅಸ್ಥಿ ಕೊಡುವುದರಿಂದ ಜಾಡಿ ದೊಡ್ಡದು, ಸುಮಾರು 21 ಸೆಂ.ಮೀ. ವ್ಯಾಸದ್ದು, ಒಸಾಕಾ ಕಡೆಯ ಪಶ್ಚಿಮ ಭಾಗದಲ್ಲಿ ಒಂದಂಶವನ್ನಷ್ಟೇ ಕೊಡುವುದರಿಂದ ಜಾಡಿ ಚಿಕ್ಕದು. ಪಿಂಗಾಣಿ ಜಾಡಿಯನ್ನು ವಿಮಾನದಲ್ಲಿ ಒಯ್ಯುವುದು ಕಷ್ಟ. ಅಸ್ಥಿಯನ್ನು ಪುಡಿ ಮಾಡಿಕೊಡುವ ಸಂಸ್ಥೆಗಳು ಅಲ್ಲಿವೆ. ಪುಡಿ ಮಾಡಿಸಿದರೆ ಗಾತ್ರ ಬಹಳಷ್ಟು ಇಳಿದು ಸಾಮಾನ್ಯ ಡಬ್ಬಿಗೆ ಹಿಡಿಸುತ್ತದೆ.

ಎಷ್ಟು ಲೀಟರಿನ ಪಾತ್ರೆ

ಇಂಗ್ಲಿಷ್ ಮಾತಾಡುವ ದೇಶಗಳ ಅಂಗಡಿಗಳಲ್ಲಿ ಕಲಶದ ಅಳತೆ ಘನ ಇಂಚಿನಲ್ಲಿರುತ್ತದೆ. ದೇಹದ ತೂಕದಲ್ಲಿ ಒಂದು ಪೌಂಡಿಗೆ ಒಂದು ಘನ ಇಂಚು ಜಾಗ ಎಂಬುದು ರೂಢಿಯ ಲೆಕ್ಕ. ನಮ್ಮ ಅಳತೆಯಲ್ಲಿ ಹೇಳುವುದಾದರೆ ಒಂದು ಕಿಲೋಗೆ 36 ಮಿ.ಲೀ. ಅಂದರೆ 50 ಕಿಲೋ ತೂಕದವರಿಗೆ 1.8 ಲೀಟರ್, 70 ಕಿಲೋಗೆ 2.5 ಲೀಟರ್, 90 ಕಿಲೋಗೆ 3.25 ಲೀಟರ್. ಅಂಗಡಿಯಲ್ಲಿ ವಯಸ್ಕರ ಅಳತೆ ಎಂದು ಮಾರುವ ಕಲಶ 200 ಘನ ಇಂಚಿನದು, ಎಂದರೆ ಸುಮಾರು 3.3 ಲೀಟರ್.

ಈ ಲೆಕ್ಕಕ್ಕೆ ಹಾಕಬೇಕಾದದ್ದು ಆರೋಗ್ಯವಾಗಿದ್ದಾಗಿನ ತೂಕ. ಕಾಯಿಲೆಯಲ್ಲಿ 75 ಕಿಲೋದಿಂದ 48ಕ್ಕೆ ಇಳಿದವರ ಮೂಳೆ ಅಷ್ಟು ಕರಗಿರುವುದಿಲ್ಲ. ಬೂದಿಯ ಪ್ರಮಾಣ ನಿಂತಿರುವುದು ಮೂಳೆಯ ಮೇಲೆ. ಮಾಂಸವೂ ಕೊಬ್ಬೂ ಉರಿದು ಹೋಗುತ್ತವೆ. 48ರ ಲೆಕ್ಕದಲ್ಲಿ ಕೊಂಡರೆ ಹೆಚ್ಚುಕಡಿಮೆ ಒಂದು ಲೀಟರಿನಷ್ಟು ಹಿಡಿಸದೆ ಉಳಿದೀತು. ಎತ್ತರದವರಿಗೆ, ಅಗಲ ಮೂಳೆಯವರಿಗೆ ಲೆಕ್ಕಕ್ಕಿಂತ ಅರ್ಧ ಲೀಟರ್ ಹೆಚ್ಚಿಗೆ ಇಟ್ಟುಕೊಳ್ಳಿ. ಸಂದೇಹವಿದ್ದರೆ ದೊಡ್ಡದನ್ನೇ ತೆಗೆದುಕೊಳ್ಳಿ: ಪಾತ್ರೆಯಲ್ಲಿ ಜಾಗ ಉಳಿದರೆ ಯಾವ ತೊಂದರೆಯೂ ಇಲ್ಲ, ಬೂದಿ ಉಳಿದರೆ ಮನಸ್ಸಿಗೆ ಬಹಳ ಹಿಂಸೆ.

ಬೆಂಕಿಯ ಬದಲು ಬಿಸಿ ಕ್ಷಾರದ ನೀರಿನಲ್ಲಿ ದೇಹವನ್ನು ಕರಗಿಸುವ ವಿಧಾನ ಅಮೆರಿಕದ ಹಲವು ರಾಜ್ಯಗಳಲ್ಲಿ, ಕೆನಡಾದ ಕೆಲವು ಪ್ರಾಂತ್ಯಗಳಲ್ಲಿ ಬಂದಿದೆ. ಅದರಲ್ಲಿ ಪುಡಿ ಹೆಚ್ಚು ಬೆಳ್ಳಗಿರುತ್ತದೆ, ಪ್ರಮಾಣವೂ ಶೇಕಡಾ 20ರಿಂದ 30ರಷ್ಟು ಹೆಚ್ಚು. ಆ ವಿಧಾನ ಆರಿಸಿದ್ದರೆ ಪಾತ್ರೆಯ ಲೆಕ್ಕವನ್ನೂ ಅಷ್ಟೇ ಹಿಗ್ಗಿಸಿ.

ಇನ್ನೊಂದು ಮೋಸ ಹೊರ ಅಳತೆಯದ್ದು. 20×15×15 ಸೆಂ.ಮೀ. ಮರದ ಪೆಟ್ಟಿಗೆ ಎಂದು ಬರೆದಿದ್ದರೆ 4.5 ಲೀಟರ್ ಹಿಡಿಸುತ್ತದೆ ಎನಿಸುತ್ತದೆ. ಹಲಗೆ 12 ಮಿ.ಮೀ. ದಪ್ಪವಿದ್ದರೆ ಒಳಗೆ ಸಿಗುವುದು ಬರೀ 2.8 ಲೀಟರ್. ಮಾರುವವರನ್ನು ಒಳಗಿನ ಅಳತೆ ಎಷ್ಟು ಎಂದೇ ಕೇಳಿ. ಪಾತ್ರೆ ಕೈಗೆ ಬಂದ ಮೇಲೆ ಒಂದು ಲೀಟರಿನ ಅಳತೆ ಪಾತ್ರೆಯಿಂದ ಒಣ ಮರಳು ಸುರಿದು ಪರೀಕ್ಷಿಸಬಹುದು. ನೀರು ಹಾಕಬೇಡಿ, ಮರ ಉಬ್ಬುತ್ತದೆ, ಕಾಗದದ ಪಾತ್ರೆ ಅಲ್ಲಿಗೇ ಮುಗಿಯುತ್ತದೆ.

ಎಳೆ ಮಕ್ಕಳ ವಿಷಯದಲ್ಲಿ ಬೂದಿ ಬಹಳ ಸ್ವಲ್ಪ ಸಿಗುತ್ತದೆ, ನವಜಾತ ಶಿಶುವಾಗಿದ್ದರೆ ಕೆಲವೊಮ್ಮೆ ಸಿಗದೆಯೂ ಇರಬಹುದು. ಪಾತ್ರೆ ಕೊಳ್ಳುವ ಮುಂಚೆ ಚಿತಾಗಾರದವರೊಂದಿಗೆ ಈ ಮಾತು ಆಡಿಕೊಳ್ಳುವುದು ಅಪ್ಪ ಅಮ್ಮನಿಗೆ ಆಗುವ ಇನ್ನೊಂದು ಆಘಾತವನ್ನು ತಪ್ಪಿಸುತ್ತದೆ. ಆ ಮಾತನ್ನು ಅವರ ಪರವಾಗಿ ಹತ್ತಿರದವರು ಯಾರಾದರೂ ಆಡಲಿ.

ವಸ್ತು ಯಾವುದು

ಮರ: ಪ್ರಯಾಣಕ್ಕೂ ಸರಿ, ಮನೆಯಲ್ಲಿಡಲೂ ಸರಿ. ಎಕ್ಸ್‌ರೇ ಸಲೀಸಾಗಿ ಹಾಯುತ್ತದೆ, ಒಂದೆರಡು ಕಿಲೋ ತೂಗುತ್ತದೆ. ತಳದ ಹಲಗೆಯನ್ನು ನಾಲ್ಕು ಸ್ಕ್ರೂಗಳಿಂದ ಬಿಗಿದ ಪೆಟ್ಟಿಗೆಯೇ ಒಳ್ಳೆಯದು, ಏಕೆಂದರೆ ಚೀಲವನ್ನು ಇಡಿಯಾಗಿ ಒಳಗಿಡಬಹುದು, ಬೂದಿಯನ್ನು ಸುರಿಯುವ ಕೆಲಸವೇ ಇರುವುದಿಲ್ಲ. ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ಗಳಿಗೆ ಹೋಗುವುದಾದರೆ ಮರದ ವಸ್ತು ಇದೆ ಎಂದು ಆಗಮನದ ಫಾರಮಿನಲ್ಲಿ ಘೋಷಿಸಬೇಕು. ತೊಗಟೆ ಇದ್ದರೆ, ಹುಳು ಕೊರೆದ ತೂತಿದ್ದರೆ ತಡೆಯುತ್ತಾರೆ. ನುಣುಪು ಮಾಡಿ ಪಾಲಿಶ್ ಹಚ್ಚಿದ ಪೆಟ್ಟಿಗೆ ಕ್ಷೇಮ.

ಹಿತ್ತಾಳೆ, ಕಂಚು, ತಾಮ್ರ, ಉಕ್ಕು: ಗಟ್ಟಿಮುಟ್ಟು, ಹತ್ತಾರು ವರ್ಷ ಬಾಳುತ್ತವೆ, ತಿರುಪಿನ ಮುಚ್ಚಳ ಇರುವುದರಿಂದ ಚೆಲ್ಲುವುದಿಲ್ಲ. ಆದರೆ ಎಕ್ಸ್‌ರೇ ಇವುಗಳ ಮೂಲಕ ಸರಿಯಾಗಿ ಹಾಯುವುದಿಲ್ಲ. ಬೂದಿಯೇ ಸಾಂದ್ರವಾದ ಖನಿಜ, ಅದರ ಸುತ್ತ ಲೋಹವೂ ಸೇರಿದರೆ ಪರದೆಯ ಮೇಲೆ ಒಳಗೇನಿದೆ ಎಂದು ಹೇಳಲಾಗದ ಕಪ್ಪು ಆಕಾರ ಕಾಣುತ್ತದೆ. ಲೋಹದ ಕಲಶವೇ ಬೇಕೆಂದಿದ್ದರೆ ಖಾಲಿ ಕಲಶವನ್ನು ಲಗೇಜಿನಲ್ಲಿ ಹಾಕಿ, ಬೂದಿಯನ್ನು ತಾತ್ಕಾಲಿಕ ಡಬ್ಬಿಯಲ್ಲಿ ಕೈಯಲ್ಲಿ ಒಯ್ಯಿರಿ. ಇದಕ್ಕಿಂತ ಸರಳ ಉಪಾಯ ಇನ್ನೊಂದಿಲ್ಲ.

ಅಮೃತಶಿಲೆ, ಗ್ರಾನೈಟ್, ಪಿಂಗಾಣಿ, ಗಾಜು: ಒಂದೇ ಜಾಗದಲ್ಲಿ ಇರುವಂಥದ್ದಕ್ಕೆ ಮಾತ್ರ. ಕಲ್ಲಿನ ಕಲಶ ಒಂದೇ ಐದಾರು ಕಿಲೋ ತೂಗಬಹುದು, ಕ್ಯಾಬಿನ್ ಚೀಲಕ್ಕೆ ಹಲವು ವಿಮಾನ ಕಂಪನಿಗಳು ಬಿಡುವುದೇ 7 ಕಿಲೋ.

ಕರಗುವ, ಕೊಳೆಯುವ ಪಾತ್ರೆಗಳ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು, ಏಕೆಂದರೆ ಹೆಚ್ಚು ತಪ್ಪುಗಳು ಆಗುವುದು ಇಲ್ಲಿಯೇ. ಪರಿಸರಸ್ನೇಹಿ ಎಂಬ ಒಂದೇ ಚೀಟಿ ಅಂಟಿಸಿದ್ದರೂ ಇವುಗಳಲ್ಲಿ ಎರಡು ಜಾತಿ. ಒಂದು ನೀರಿಗೆಂದೇ ಮಾಡಿದ್ದು: ಒತ್ತಿದ ಕಾಗದ, ಉಪ್ಪು, ಮರಳು ಮತ್ತು ಜೆಲಟಿನ್ ಬೆರೆಸಿದ್ದು. ಕೆಲವು ನಿಮಿಷ ತೇಲಿ ಅಥವಾ ನೇರವಾಗಿ ಮುಳುಗಿ ಕೆಲವು ಗಂಟೆಗಳಿಂದ ಕೆಲವು ದಿನಗಳೊಳಗೆ ಕರಗುತ್ತವೆ. ಇನ್ನೊಂದು ಮಣ್ಣಿಗೆಂದು ಮಾಡಿದ್ದು: ಬಿದಿರು, ತೆಳು ಮರ, ನಾರು. ಇವು ಕೊಳೆಯಲು ತಿಂಗಳುಗಳು, ವರ್ಷಗಳು ಬೇಕು. ಮಣ್ಣಿಗೆಂದು ಮಾಡಿದ್ದನ್ನು ತಂದು ನೀರಿಗೆ ಬಿಟ್ಟರೆ ಅದು ತೇಲುತ್ತ ಹೋಗಿ ದಡಕ್ಕೆ ಬಂದು ನಿಲ್ಲುತ್ತದೆ. ಕೊಳ್ಳುವಾಗ ನೀರಿಗೋ ಮಣ್ಣಿಗೋ ಎಂದು ಕೇಳಿ, ತೇಲುವ ಸಮಯ ಎಷ್ಟು ಎಂದೂ ಕೇಳಿ.

ಉಪ್ಪಿನ ಪಾತ್ರೆ ಸೆಕೆ ಇರುವ ಊರಿನಲ್ಲಿ ಗಾಳಿಯ ತೇವವನ್ನೇ ಹೀರಿ ಬೆವರಲು ಶುರುಮಾಡುತ್ತದೆ. ಬಿಡುವ ದಿನದವರೆಗೂ ಪ್ಲಾಸ್ಟಿಕ್ಕಿನಲ್ಲಿ ಬಿಗಿದು ಒಣ ಜಾಗದಲ್ಲಿಡಬೇಕು. ಕರಗುವ ಪಾತ್ರೆಯೊಳಗೆ ಚಿತಾಗಾರದ ಪ್ಲಾಸ್ಟಿಕ್ ಚೀಲವನ್ನು ಹಾಗೇ ಇಟ್ಟುಬಿಡುವುದು ಎಲ್ಲಕ್ಕಿಂತ ಸಾಮಾನ್ಯವಾದ ತಪ್ಪು: ಪಾತ್ರೆ ಕರಗುತ್ತದೆ, ಚೀಲ ನೀರಿನಲ್ಲಿ ಉಳಿಯುತ್ತದೆ. ಪಾತ್ರೆಯ ಜೊತೆ ಕರಗುವ ಚೀಲ ಕೊಡುತ್ತಾರೆ, ಬೂದಿಯನ್ನು ಅದಕ್ಕೇ ಸುರಿಯಬೇಕು.

ಬೂದಿಯ ಮೇಲೆ ಗಿಡ ನೆಡುವ ಪಾತ್ರೆಗಳೂ ಸಿಗುತ್ತವೆ. ಕ್ಷಾರ ಮತ್ತು ಉಪ್ಪು ಬೇರನ್ನು ಸುಡುವುದರಿಂದ ಬೂದಿಯನ್ನು ನೇರವಾಗಿ ಬೇರಿನ ಕೆಳಗಿಟ್ಟರೆ ಗಿಡ ಒಣಗುತ್ತದೆ. ಅದರ ಜೊತೆ ಬರುವ ಆಮ್ಲೀಯ ಮಣ್ಣಿನ ಮಿಶ್ರಣವನ್ನು ಹೇಳಿದಷ್ಟು ಬೆರೆಸಲೇಬೇಕು.

ನೀವಿರುವ ದೇಶ ಏನು ಹೇಳುತ್ತದೆ

ಪಾತ್ರೆ ನಿಮ್ಮ ಕೈಗೆ ಬರುತ್ತದೆಯೇ ಎಂಬುದೇ ಕೆಲವು ದೇಶಗಳಲ್ಲಿ ಪ್ರಶ್ನೆ. ಜರ್ಮನಿಯ ಬಹುತೇಕ ರಾಜ್ಯಗಳಲ್ಲಿ ಬೂದಿಯನ್ನು ಸ್ಮಶಾನದಲ್ಲೇ ಸೇರಿಸಬೇಕೆಂಬ ನಿಯಮವಿದೆ. ರೈನ್‌ಲ್ಯಾಂಡ್-ಫಾಲ್ಜ್ ರಾಜ್ಯ 2025ರಲ್ಲಿ ಅದನ್ನು ಸಡಿಲಿಸಿತು. ಜರ್ಮನಿಯಲ್ಲಿ ಚಿತಾಗಾರವೇ ಬೂದಿಯನ್ನು ಹೆಸರು, ದಿನಾಂಕ ಕೆತ್ತಿದ ಮುಚ್ಚಳದ ಒಂದು ಒಳಡಬ್ಬಿಗೆ ತುಂಬಿ ಮುದ್ರೆ ಹಾಕುತ್ತದೆ. ನೀವು ಕೊಳ್ಳುವ ಅಲಂಕಾರದ ಕಲಶ ಆ ಡಬ್ಬಿಯ ಹೊರಕವಚ ಮಾತ್ರ. ಹಾಗಾಗಿ ಅಲ್ಲಿ ಲೀಟರ್ ಲೆಕ್ಕ ಬಿಟ್ಟು ಒಳಡಬ್ಬಿಯ ವ್ಯಾಸ, ಎತ್ತರ ಕೇಳಿ. ಬೇರೆ ದೇಶಕ್ಕೆ ಒಯ್ಯುವುದಾದರೆ ಬೂದಿ ಅಲ್ಲಿ ಎಲ್ಲಿ ಸೇರಲಿದೆ ಎಂಬ ಲಿಖಿತ ಪುರಾವೆಯನ್ನು ಸಾಮಾನ್ಯವಾಗಿ ಕೇಳುತ್ತಾರೆ. ಮುದ್ರೆಯನ್ನು ದಾರಿಯಲ್ಲಿ ಒಡೆಯಬೇಡಿ.

ಫ್ರಾನ್ಸಿನಲ್ಲಿ 2008ರ ಡಿಸೆಂಬರ್ 19ರ ಕಾನೂನು ಬಂದ ಮೇಲೆ ಬೂದಿಯನ್ನು ಮನೆಯಲ್ಲಿ ಇಟ್ಟುಕೊಳ್ಳುವಂತಿಲ್ಲ, ಹಂಚಿಕೊಳ್ಳುವಂತೆಯೂ ಇಲ್ಲ. ಪೂರ್ತಿ ಬೂದಿ ಒಂದೇ ಕಲಶದಲ್ಲಿರಬೇಕು, ಅದರ ಮೇಲೆ ಹೆಸರು ಮತ್ತು ಚಿತಾಗಾರದ ಹೆಸರಿನ ಫಲಕ ಇರಬೇಕು. ತೀರ್ಮಾನ ಆಗದಿದ್ದರೆ ಚಿತಾಗಾರ ಒಂದು ವರ್ಷದವರೆಗೆ ಇಟ್ಟುಕೊಳ್ಳಬಹುದು. ದೇಶದ ಹೊರಗೆ ಒಯ್ಯಲು ಪ್ರಿಫೆಕ್ಟ್ (ಜಿಲ್ಲೆಯಲ್ಲಿ ಸರ್ಕಾರದ ಪ್ರತಿನಿಧಿ) ಕಚೇರಿಯ ಅನುಮತಿ ಬೇಕು. ನೆದರ್‌ಲ್ಯಾಂಡ್ಸ್‌ನಲ್ಲಿ ಚಿತಾಗಾರ ಬೂದಿಯನ್ನು ಒಂದು ತಿಂಗಳು ತನ್ನಲ್ಲಿಟ್ಟುಕೊಂಡೇ ಕೊಡುವುದು ನಿಯಮ, ಆದ್ದರಿಂದ ವಿಮಾನದ ಟಿಕೆಟ್ ಮೊದಲೇ ಮಾಡಿಸಬೇಡಿ.

ಅಮೆರಿಕದ ಕರಾವಳಿಯಲ್ಲಿ ಸಮುದ್ರಕ್ಕೆ ಬಿಡುವುದಾದರೆ ದಡದಿಂದ ಕನಿಷ್ಠ 3 ನಾಟಿಕಲ್ ಮೈಲಿ, ಎಂದರೆ ಸುಮಾರು 5.5 ಕಿ.ಮೀ. ದೂರ ಹೋಗಬೇಕು. ಬಿಟ್ಟ 30 ದಿನಗಳೊಳಗೆ ಪರಿಸರ ಸಂರಕ್ಷಣಾ ಸಂಸ್ಥೆಗೆ ತಿಳಿಸಬೇಕು. ಪ್ಲಾಸ್ಟಿಕ್ ಹೂವಿನ ಹಾರವನ್ನೂ ನೀರಿಗೆ ಹಾಕುವಂತಿಲ್ಲ.

ವಿಮಾನದಲ್ಲಿ ಒಯ್ಯುವುದು

ಬೂದಿಯನ್ನು ಕೈಯಲ್ಲೇ ಒಯ್ಯಿರಿ. ಲಗೇಜಿನಲ್ಲಿ ಹಾಕಿದ ಪೆಟ್ಟಿಗೆ ಕಳೆದರೆ ಮತ್ತೆ ಹುಡುಕಿ ಕೊಟ್ಟಾರೆಂಬ ಭರವಸೆ ಇಲ್ಲ, ಕೆಲವು ವಿಮಾನ ಕಂಪನಿಗಳು ಲಗೇಜಿನಲ್ಲಿ ಒಪ್ಪುವುದೂ ಇಲ್ಲ. ಟಿಕೆಟ್ ಮಾಡಿಸುವಾಗಲೇ ಕಂಪನಿಗೆ ತಿಳಿಸಿ, ಅವರ ಒಪ್ಪಿಗೆಯನ್ನು ಇಮೇಲ್‌ನಲ್ಲಿ ಪಡೆಯಿರಿ. ದಾರಿಯಲ್ಲಿ ವಿಮಾನ ಬದಲಿಸುವುದಿದ್ದರೆ ಆ ನಡುವಿನ ದೇಶದ ನಿಲ್ದಾಣದಲ್ಲೂ ಮತ್ತೊಮ್ಮೆ ತಪಾಸಣೆ ಇರುತ್ತದೆ ಎಂಬುದನ್ನು ಮರೆಯಬೇಡಿ. ಎರಡಕ್ಕಿಂತ ಒಂದು ನಿಲುಗಡೆ ಮೇಲು, ನೇರ ವಿಮಾನ ಎಲ್ಲಕ್ಕಿಂತ ಮೇಲು.

ಅಮೆರಿಕದ ವಿಮಾನ ನಿಲ್ದಾಣಗಳಲ್ಲಿ ಭದ್ರತಾ ತಪಾಸಣೆ ನಡೆಸುವ ಟಿಎಸ್‌ಎ ಸಂಸ್ಥೆಯ ಸಿಬ್ಬಂದಿ ಬೂದಿಯ ಪಾತ್ರೆಯನ್ನು ತೆರೆಯುವುದಿಲ್ಲ. ನೀವೇ ತೆರೆದು ನೋಡಿ ಎಂದರೂ ತೆರೆಯುವುದಿಲ್ಲ; ಹೋದವರ ಮೇಲಿನ ಗೌರವಕ್ಕಾಗಿ ಹಾಗೊಂದು ನಿಯಮ. ಅದರ ಇನ್ನೊಂದು ಮುಖವೆಂದರೆ ಎಕ್ಸ್‌ರೇ ಹಾಯದ ಪಾತ್ರೆಯನ್ನು ಒಳಗೆ ಬಿಡಲು ಅವರಿಗೆ ಬೇರೆ ದಾರಿಯೇ ಇಲ್ಲ. ಮರ, ಪ್ಲಾಸ್ಟಿಕ್, ರಟ್ಟು ಇವೇ ಕ್ಷೇಮ. ಕ್ಯಾಬಿನ್ನಿನಲ್ಲಿ 350 ಮಿ.ಲೀ.ಗಿಂತ ಹೆಚ್ಚು ಪುಡಿ ಒಯ್ಯುವುದರ ಮೇಲೆ ಅಮೆರಿಕ, ಕೆನಡಾ, ಆಸ್ಟ್ರೇಲಿಯಾಗಳಲ್ಲಿ ನಿರ್ಬಂಧವಿದೆ. ಚಿತಾಭಸ್ಮಕ್ಕೆ ಈ ಮೂರೂ ಕಡೆ ವಿನಾಯಿತಿ ಇದೆ. ತಪಾಸಣೆಯವರು ಕೇಳುವ ಮುಂಚೆಯೇ ಚೀಲದಿಂದ ಹೊರತೆಗೆದು ತಟ್ಟೆಯಲ್ಲಿಟ್ಟು ಇದು ಏನೆಂದು ಮೆಲ್ಲಗೆ ಹೇಳಿ, ಪ್ರಮಾಣಪತ್ರ ಕೈಯಲ್ಲಿರಲಿ.

ಹಲವರಿಗೆ ಹೊಳೆಯದ ಸಂಗತಿ ಒಂದಿದೆ. ಹಾರುವಾಗ ಕ್ಯಾಬಿನ್ನಿನ ಗಾಳಿಯ ಒತ್ತಡ 1800ರಿಂದ 2400 ಮೀಟರ್ ಎತ್ತರದ ಬೆಟ್ಟದ ಮೇಲಿರುವಷ್ಟಕ್ಕೆ ಇಳಿದಿರುತ್ತದೆ. ಚೀಲದಲ್ಲಿ ಸಿಕ್ಕಿಕೊಂಡ ಗಾಳಿ ಕಾಲು ಭಾಗದಿಂದ ಮೂರನೇ ಒಂದು ಭಾಗದಷ್ಟು ಹಿಗ್ಗುತ್ತದೆ. ಗಾಳಿ ತುಂಬಿಕೊಂಡ ಚೀಲ ಸಡಿಲ ಮುಚ್ಚಳವನ್ನು ಮೇಲೆತ್ತಬಲ್ಲದು. ಆದ್ದರಿಂದ ಕಟ್ಟುವ ಮುಂಚೆ ಚೀಲವನ್ನು ಅಂಗೈಯಿಂದ ಒತ್ತಿ ಗಾಳಿ ಹೊರಹಾಕಿ. ಪ್ರಯಾಣ ಮುಗಿಯುವವರೆಗೆ ಮುಚ್ಚಳಕ್ಕೆ ಅಂಟು ಹಾಕಬೇಡಿ. ಗಾಳಿ ಹಿಗ್ಗಿದರೆ ಅದಕ್ಕೆ ದಾರಿ ಬೇಕು, ಅಧಿಕಾರಿಗಳು ತೆರೆಯಲು ಹೇಳಿದರೆ ನಿಮಗೂ ದಾರಿ ಬೇಕು. ಸುತ್ತ ಅಗಲ ಟೇಪು ಹಾಕಿದರೆ ಸಾಕು.

ಅಂಚೆಯಲ್ಲಿ ಕಳಿಸುವುದು ಕೊನೆಯ ಆಯ್ಕೆ. ಅಮೆರಿಕದಲ್ಲಿ ಅದಕ್ಕೆ ಇರುವುದು ಸರ್ಕಾರಿ ಅಂಚೆಯ ಪ್ರಯಾರಿಟಿ ಮೇಲ್ ಎಕ್ಸ್‌ಪ್ರೆಸ್ ಒಂದೇ. 2025ರ ಮಾರ್ಚ್ 1ರಿಂದ ಅಂಚೆ ಇಲಾಖೆಯೇ ಕೊಡುವ, ಚಿತಾಭಸ್ಮಕ್ಕೆಂದೇ ಗುರುತಿರುವ ಪೆಟ್ಟಿಗೆ ಕಡ್ಡಾಯವಾಗಿದೆ. ಹೊರದೇಶಕ್ಕೆ ಕಳಿಸುವುದಾದರೆ ತಲುಪಬೇಕಾದ ದೇಶದ ಅಂಚೆಯೂ ಅದನ್ನು ಒಪ್ಪಬೇಕು.

ಜೊತೆಗಿರಬೇಕಾದ ಕಾಗದಗಳು

ಮರಣ ಪ್ರಮಾಣಪತ್ರ, ದಹನದ ಪ್ರಮಾಣಪತ್ರ, ಈ ಪಾತ್ರೆಯಲ್ಲಿ ಇಂಥವರ ಬೂದಿಯಲ್ಲದೆ ಬೇರೇನೂ ಇಲ್ಲ ಎಂದು ಅಂತ್ಯಕ್ರಿಯೆಯ ಸಂಸ್ಥೆ ಬರೆದುಕೊಟ್ಟ ಪತ್ರ, ಹೋದವರ ಪಾಸ್‌ಪೋರ್ಟ್, ಒಯ್ಯುವವರ ಪಾಸ್‌ಪೋರ್ಟ್. ಬೂದಿ ಹೋಗಬೇಕಾದ ದೇಶದ ರಾಯಭಾರ ಕಚೇರಿಯಿಂದ ಅನುಮತಿ ಪತ್ರ ಬೇಕೇ, ಕಾಗದಗಳಿಗೆ ಅಪೊಸ್ಟಿಲ್ ಮುದ್ರೆ (ಹೊರದೇಶದಲ್ಲೂ ಒಪ್ಪುವಂತೆ ಸರ್ಕಾರ ಹಾಕುವ ದೃಢೀಕರಣ) ಬೇಕೇ, ಅನುವಾದ ಬೇಕೇ ಎಂದು ಅಲ್ಲೇ ವಿಚಾರಿಸಿ. ಎಲ್ಲ ಕಾಗದಗಳಲ್ಲೂ ಹೆಸರು ಅಕ್ಷರಕ್ಕೆ ಅಕ್ಷರ ಒಂದೇ ಇರಲಿ. ನಮ್ಮ ಹೆಸರುಗಳಲ್ಲಿ ಇನಿಶಿಯಲ್ ಒಂದು ಕಡೆ ಮುಂದೆ, ಇನ್ನೊಂದು ಕಡೆ ಹಿಂದೆ ಬಿದ್ದಿರುತ್ತದೆ. ಪಾಸ್‌ಪೋರ್ಟಿನಲ್ಲಿ ಹೇಗಿದೆಯೋ ಹಾಗೆಯೇ ಬರೆಯಿರಿ ಎಂದು ಚಿತಾಗಾರದವರಿಗೆ ಮೊದಲ ದಿನವೇ ಹೇಳಬೇಕು, ಆಮೇಲೆ ತಿದ್ದಿಸುವುದಕ್ಕೆ ವಾರಗಳು ಹಿಡಿಯುತ್ತವೆ.

ಮೂಲ ಕಾಗದಗಳನ್ನು ಪಾತ್ರೆಯೊಳಗೆ ಹಾಕಿ ಮುಚ್ಚಬೇಡಿ. ಜಪಾನಿನಲ್ಲಿ ದಹನವಾಯಿತೆಂದು ಮುದ್ರೆ ಒತ್ತಿದ ಅನುಮತಿ ಪತ್ರವನ್ನು ಜಾಡಿಯ ಪೆಟ್ಟಿಗೆಯೊಳಗೇ ಇಟ್ಟು ಕೊಡುವುದುಂಟು. ಹೊರಡುವ ಮುಂಚೆ ಅದನ್ನು ತೆಗೆದು ನಿಮ್ಮ ಕೈಚೀಲದಲ್ಲಿಟ್ಟುಕೊಳ್ಳಿ.

ಬೂದಿಯನ್ನು ಹೊಸ ಪಾತ್ರೆಗೆ ಹಾಕುವ ಕ್ರಮ

ಈ ಕೆಲಸವನ್ನು ಅಂತ್ಯಕ್ರಿಯೆಯ ಸಂಸ್ಥೆಯವರೇ ಮಾಡಿಕೊಡುತ್ತಾರೆ, ಕೇಳಿ. ಮನೆಯಲ್ಲಿ ಮಾಡುವುದಾದರೆ ಇಬ್ಬರು ಬೇಕು, ಮತ್ತು ತಡೆಯಿಲ್ಲದ ಅರ್ಧ ತಾಸು.

1. ಫ್ಯಾನ್, ಏಸಿ ಆರಿಸಿ, ಕಿಟಕಿ ಮುಚ್ಚಿ. ಸಣ್ಣ ಧೂಳು ಏಳುವುದರಿಂದ ಮೂಗಿಗೆ ಮಾಸ್ಕ್, ಕೈಗೆ ಗ್ಲೌಸ್ ಹಾಕಿಕೊಳ್ಳಿ.

2. ಅಂಚಿರುವ ದೊಡ್ಡ ತಟ್ಟೆಯ ಮೇಲೆ ನುಣುಪು ಕಾಗದ ಹಾಸಿ. ಎಲ್ಲ ಕೆಲಸವೂ ಅದರ ಮೇಲೆಯೇ ಆಗಲಿ. ಚೆಲ್ಲಿದ್ದನ್ನು ಕಾಗದ ಮಡಚಿ ಮತ್ತೆ ಪಾತ್ರೆಗೆ ಸುರಿಯಬಹುದು.

3. ಗುರುತಿನ ಬಿಲ್ಲೆಯ ಸಂಖ್ಯೆ ಪ್ರಮಾಣಪತ್ರದಲ್ಲಿರುವ ಸಂಖ್ಯೆಗೆ ತಾಳೆಯಾಗುತ್ತದೆಯೇ ನೋಡಿ, ಫೋಟೊ ತೆಗೆದಿಟ್ಟುಕೊಳ್ಳಿ.

4. ಪಾತ್ರೆಯ ಬಾಯಿ ಅಗಲವಿದ್ದರೆ ಮುಚ್ಚಿದ ಚೀಲವನ್ನೇ ಒಳಗಿಡಿ. ಕಿರಿದಾಗಿದ್ದರೆ ಖಾಲಿ ಹೊಸ ಚೀಲವನ್ನು ಒಳಗೆ ಇಳಿಬಿಟ್ಟು, ಅದರ ಬಾಯನ್ನು ಪಾತ್ರೆಯ ಕಂಠದ ಮೇಲೆ ಹೊರಕ್ಕೆ ಮಡಚಿ, ಅಗಲ ಕೊಳವೆಯ ಲಾಳಿಕೆ ಇಡಿ. ಕಂಠ 5 ಸೆಂ.ಮೀ.ಗಿಂತ ಕಿರಿದಾಗಿದ್ದರೆ ಹರಳುಗಳು ಲಾಳಿಕೆಯಲ್ಲಿ ಸಿಕ್ಕಿಕೊಳ್ಳುತ್ತವೆ, ಅಂಥ ಪಾತ್ರೆ ಕೊಳ್ಳದಿರುವುದೇ ಒಳ್ಳೆಯದು.

5. ಚೀಲದ ಒಂದು ಮೂಲೆಯನ್ನು ಕತ್ತರಿಸಿ ಒಬ್ಬರು ಸುರಿಯಲಿ, ಇನ್ನೊಬ್ಬರು ಲಾಳಿಕೆ ಹಿಡಿಯಲಿ. ಎತ್ತರದಿಂದ ಸುರಿಯಬೇಡಿ. ನಡುನಡುವೆ ಪಾತ್ರೆಯ ಬದಿಯನ್ನು ಮೆಲ್ಲಗೆ ತಟ್ಟಿದರೆ ಬೂದಿ ಕೂತು ಇನ್ನಷ್ಟು ಜಾಗವಾಗುತ್ತದೆ.

6. ಗಾಳಿ ಒತ್ತಿ ತೆಗೆದು ಚೀಲದ ಬಾಯಿ ಬಿಗಿಯಿರಿ. ಮುಚ್ಚಳ ಹಾಕುವ ಮುಂಚೆ ತಿರುಪಿನ ಗೆರೆಗಳನ್ನು ಒಣ ಬ್ರಷ್‌ನಿಂದ ಒರೆಸಿ. ಒಂದು ಹರಳು ಸಿಕ್ಕಿದರೂ ಮುಚ್ಚಳ ಓರೆಯಾಗಿ ಕಚ್ಚಿಕೊಳ್ಳುತ್ತದೆ, ಬಲ ಹಾಕಿದರೆ ತಿರುಪೇ ಹಾಳು. ಮೊದಲು ಎಡಕ್ಕೆ ಅರ್ಧ ಸುತ್ತು ತಿರುಗಿಸಿ, ಮುಚ್ಚಳ ಟಕ್ಕೆಂದು ಕೂತ ಮೇಲೆ ಬಲಕ್ಕೆ ತಿರುಗಿಸಿ.

ಶಾಶ್ವತವಾಗಿ ಮುಚ್ಚಬೇಕಾದರೆ ಲೋಹಕ್ಕೆ ಬಣ್ಣವಿಲ್ಲದ ಸಿಲಿಕೋನ್, ಕಲ್ಲಿಗೆ ಎರಡು ಭಾಗ ಬೆರೆಸುವ ಎಪಾಕ್ಸಿ, ಮರಕ್ಕೆ ಮರದ ಅಂಟು. ಸಿಲಿಕೋನ್ ಆದರೆ ಮುಂದೆ ಬ್ಲೇಡಿನಿಂದ ಬಿಡಿಸಬಹುದು, ಎಪಾಕ್ಸಿ ಹಾಕಿದ ಮೇಲೆ ಒಡೆಯದೆ ತೆಗೆಯುವುದು ಅಸಾಧ್ಯ ಎನ್ನುವಷ್ಟು ಕಷ್ಟ.

ಕನ್ನಡದಲ್ಲಿ ಹೆಸರು ಕೆತ್ತಿಸುವುದಾದರೆ

ಹೊರದೇಶದ ಕೆತ್ತನೆಗಾರರ ತಂತ್ರಾಂಶದಲ್ಲಿ ಕನ್ನಡ ಒಡೆದು ಹೋಗುವ ಅಪಾಯ ದೊಡ್ಡದು. ಇಮೇಲ್‌ನಲ್ಲಿ ಟೈಪು ಮಾಡಿ ಕಳಿಸಿದ ‘ಕೃಷ್ಣಪ್ಪ’ ಅವರ ಯಂತ್ರದಲ್ಲಿ ಒತ್ತಕ್ಷರ ಕಳಚಿ, ಅರ್ಧಾಕ್ಷರಗಳ ಸಾಲಾಗಿ ಬೀಳಬಹುದು. ಓದಲು ಬಾರದ ಅವರಿಗೆ ತಪ್ಪಾಗಿದೆ ಎಂದೇ ತಿಳಿಯುವುದಿಲ್ಲ. ಆದ್ದರಿಂದ ಅಕ್ಷರ ಕಳಿಸಬೇಡಿ, ಅಕ್ಷರದ ಚಿತ್ರ ಕಳಿಸಿ: ಇಂಕ್‌ಸ್ಕೇಪ್‌ನಂಥ ತಂತ್ರಾಂಶದಲ್ಲಿ ಹೆಸರು ಬರೆದು, ಅಕ್ಷರಗಳನ್ನು ಬಾಹ್ಯರೇಖೆಗೆ ಬದಲಾಯಿಸಿ, ಎಸ್‌ವಿಜಿ ಅಥವಾ ಪಿಡಿಎಫ್ ಕಡತ ಮಾಡಿ ಕೊಡಿ. ಒತ್ತಕ್ಷರ ಕೆಳಗಿಳಿಯುವುದರಿಂದ ಸಾಲುಗಳ ನಡುವೆ ಇಂಗ್ಲಿಷಿಗಿಂತ ಹೆಚ್ಚು ಜಾಗ ಬಿಡಿಸಿ. ಮುಖ್ಯ ಅಕ್ಷರ 6 ಮಿ.ಮೀ.ಗಿಂತ ಚಿಕ್ಕದಾದರೆ ಒತ್ತು ತುಂಬಿಕೊಂಡು ಮಸುಕಾಗುತ್ತದೆ. ಕೆತ್ತುವ ಮುಂಚೆ ನಮೂನೆಯ ಚಿತ್ರ ತರಿಸಿಕೊಂಡು ಕನ್ನಡ ಓದಬಲ್ಲ ಇಬ್ಬರು ನೋಡಲಿ. ಪಾತ್ರೆಯ ಮೈಮೇಲೆ ನೇರವಾಗಿ ಕೆತ್ತಿಸುವ ಬದಲು ಅಂಟಿಸುವ ಸಣ್ಣ ಲೋಹದ ಫಲಕದ ಮೇಲೆ ಕೆತ್ತಿಸಿದರೆ ತಪ್ಪಾದಾಗ ಫಲಕ ಬದಲಿಸಿದರೆ ಆಯಿತು. ಕೆತ್ತಿದ ವಸ್ತುವನ್ನು ಅಂಗಡಿಯವರು ವಾಪಸು ತೆಗೆದುಕೊಳ್ಳುವುದಿಲ್ಲ.

ಹಲವರು ಹಂಚಿಕೊಳ್ಳುವಾಗ

ಕಾನೂನು ಒಪ್ಪುವ ಕಡೆ ಮಕ್ಕಳು, ಒಡಹುಟ್ಟಿದವರು ಸ್ವಲ್ಪ ಸ್ವಲ್ಪ ಇಟ್ಟುಕೊಳ್ಳಲು 50ರಿಂದ 400 ಮಿ.ಲೀ.ವರೆಗಿನ ಚಿಕ್ಕ ಕುಡಿಕೆಗಳು ಸಿಗುತ್ತವೆ. ಹಂಚುವುದಿದ್ದರೆ ಚಿತಾಗಾರದಲ್ಲೇ ಬೇರೆ ಬೇರೆ ಚೀಲ ಮಾಡಿಸಿ, ಪ್ರತಿಯೊಂದಕ್ಕೂ ಪ್ರಮಾಣಪತ್ರದ ಪ್ರತಿ ಕೇಳಿ ಪಡೆಯಿರಿ. ಗಡಿ ದಾಟುವಾಗ ಚಿಕ್ಕ ಕುಡಿಕೆಗೂ ದೊಡ್ಡ ಕಲಶದಂತೆಯೇ ಕಾಗದ ಕೇಳುತ್ತಾರೆ.

ಗುರುತಿನ ಬಿಲ್ಲೆಯನ್ನು ಏನು ಮಾಡಬೇಕು ಎಂಬ ಪ್ರಶ್ನೆ ಕೊನೆಗೆ ಉಳಿಯುತ್ತದೆ. ಬಿಲ್ಲೆ ಸಾಮಾನ್ಯವಾಗಿ ಕುಲುಮೆಯೊಳಗೂ ದೇಹದ ಜೊತೆಯಲ್ಲೇ ಇದ್ದು ಬಂದದ್ದು; ಈ ಬೂದಿ ಇವರದೇ ಎಂಬುದಕ್ಕೆ ಇರುವ ಗುರುತು ಅದೊಂದೇ. ಬೂದಿಯನ್ನು ಹೂಳುವುದಾದರೆ, ಗೂಡಿನಲ್ಲಿಡುವುದಾದರೆ ಅದು ಬೂದಿಯ ಜೊತೆಗೇ ಇರಲಿ. ನೀರಿಗೆ ಬಿಡುವುದಾದರೆ ಮುಂಚಿತವಾಗಿ ತೆಗೆದು, ತೊಳೆದು, ದಹನದ ಪ್ರಮಾಣಪತ್ರದ ಜೊತೆ ಒಂದೇ ಲಕೋಟೆಯಲ್ಲಿ ಇಟ್ಟುಕೊಳ್ಳಿ.